ಎತ್ತಿ ಕುಡಿಯುವವರು

ಅವರು ಯಾವ ಲೋಟಕ್ಕೂ ತುಟಿ ಹಚ್ಚುತ್ತಿರಲಿಲ್ಲ. ನೀರು, ಮಜ್ಜಿಗೆ, ಕೊನೆಗೆ ಚಹಾ ಕೂಡ ಎತ್ತಿಯೇ ಕುಡಿಯುತ್ತಿದ್ದರು. ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ಬಾಯಿಯಿಂದ ನಾಲ್ಕು ಬೆರಳು ಮೇಲೆ ಲೋಟ ಹಿಡಿದು, ಸಣ್ಣ ಧಾರೆಯಾಗಿ ಬಿಡುವರು. ಗಂಟಲು ಎರಡು ಮೂರು ಸಲ ಏರಿ ಇಳಿಯುವುದು. ಸೆರಗಿನ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ಹದಿನಾರು ವರ್ಷ ನಾನು ಅದನ್ನು ನೋಡಿದೆ. ನೋಡಿದಾಗಲೆಲ್ಲ ಒಂದೇ ಮಾತು ಮನಸ್ಸಿಗೆ ಬರುತ್ತಿತ್ತು: ಇವರಿಗೆ ನನ್ನ ಲೋಟ ಮೈಲಿಗೆಯೋ ಏನೋ.

ಅವರು ತೀರಿಕೊಂಡು ಈಗ ಒಂದು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ಮುಚ್ಚಿಟ್ಟುಕೊಂಡ ಸಂಗತಿಯನ್ನು ಈಗ ಹೆಸರು ಹಚ್ಚಿ ಹೇಳುವುದು ಸರಿಯಲ್ಲ. ನಾವೆಲ್ಲ ಅವರಿಗೆ ಅಕ್ಕೋರು ಅನ್ನುತ್ತಿದ್ದೆವು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಹಾಗೇ ಅನ್ನುವುದು. ಇಲ್ಲಿಯೂ ಅಷ್ಟೇ ಸಾಕು.

ನಾನು ಆ ಶಾಲೆಯ ಬಿಸಿಯೂಟದ ಅಡುಗೆಯವಳು. ನವಿಲುತೀರ್ಥದಿಂದ ಬರುವ ಕಾಲುವೆ ನಮ್ಮ ಶಾಲೆಯ ಹಿಂದೆ ಹಾದುಹೋಗುತ್ತದೆ. ಅಡುಗೆ ಕೋಣೆಯ ಕಿಟಕಿ ಆ ಕಡೆಗೇ ಇದೆ. ಅಕ್ಕೋರು ಸವದತ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ಅವರದು ಪೌರೋಹಿತ್ಯದ ಮನೆತನ. ತಂದೆ ಪಂಚಾಂಗ ನೋಡಿ ಹೇಳುವವರು, ಊರವರಿಗೆ ಮನೆಯಲ್ಲೇ ಮಾಡಿದ ಔಷಧ ಕೊಡುವವರು.

ನಮ್ಮದು ಅಜ್ಜನ ಕಾಲಕ್ಕೆ ಬೌದ್ಧರಾದ ಮನೆ. ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಆದರೆ ಊರು ಇನ್ನೂ ನಮ್ಮನ್ನು ಹಳೆಯ ಹೆಸರಿನಿಂದಲೇ ಗುರುತು ಹಿಡಿಯುತ್ತದೆ. ನಮ್ಮಪ್ಪ ಹುಡುಗನಿದ್ದಾಗ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ನಮ್ಮವರಿಗೆಂದು ಬೇರೆಯೇ ಕಪ್ಪು ಇರುತ್ತಿತ್ತಂತೆ. ಕುಡಿಯಬೇಕು, ತಾವೇ ತೊಳೆಯಬೇಕು, ಗೂಡಿನಲ್ಲಿ ಬೋರಲು ಹಾಕಿ ಬರಬೇಕು. ದೊಡ್ಡವನಾದ ಮೇಲೆ ಆ ಪದ್ಧತಿ ಹೋಯಿತು. ಆದರೂ ಅಪ್ಪ ಸಾಯುವ ತನಕ ಯಾವ ಅಂಗಡಿಯಲ್ಲೂ ಚಹಾ ಕುಡಿಯಲಿಲ್ಲ. ಅನುಮಾನ ನನಗೆ ಅಪ್ಪನಿಂದ ಬಂದದ್ದು. ನಾಲ್ಕು ಜನ ಕೂತಲ್ಲಿ ಯಾರು ಯಾರಿಂದ ಎಷ್ಟು ಸರಿದು ಕೂತರು, ತಾಟು ಕೊಡುವಾಗ ಯಾರ ಕೈ ಎಲ್ಲಿ ನಿಂತಿತು, ನಾನು ನೋಡದೆ ಇರಲಾರೆ. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಅಕ್ಕೋರ ವಿಷಯದಲ್ಲಿ ಕಷ್ಟವೆಂದರೆ, ಅನುಮಾನ ಪೂರ್ತಿ ಗಟ್ಟಿಯಾಗುತ್ತಿರಲಿಲ್ಲ, ಪೂರ್ತಿ ಹೋಗುತ್ತಲೂ ಇರಲಿಲ್ಲ.

ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕು. ಉಳಿದವರು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಅಕ್ಕೋರು ಮಾತ್ರ ದಿನಾ ಬರುತ್ತಿದ್ದರು. ಅಂಗೈ ಚಾಚುವರು, ನಾನು ಸೌಟಿನಿಂದ ಅನ್ನ ಸಾರು ಹಾಕುವೆ, ಅವರು ಅದನ್ನು ಬಾಯಿಗೆ ಎಸೆದುಕೊಳ್ಳುವರು. ಅಂಗೈ ತುಟಿಗೆ ತಾಕುತ್ತಿರಲಿಲ್ಲ.

"ಉಪ್ಪು ಒಂದು ಚಿಟಿಕಿ ಕಡಿಮಿ ಅದ ನೋಡು."

"ಹಾಕತೇನ್ರಿ."

"ಹಾಕಿ ಹತ್ತು ನಿಮಿಷ ತಡಿ. ನಾ ಬದುಕೇನಿ ಅಂತ ಖಾತ್ರಿ ಆಗ್ಲಿ, ಆಮ್ಯಾಲೆ ಬಡಸು."

ಹದಿನಾರು ವರ್ಷ ಇದೇ ಜೋಕು. ನಾನು ನಗುತ್ತಿದ್ದೆ. ನಗುವಾಗಲೂ ನನ್ನ ಕಣ್ಣು ಆ ಅಂಗೈಗೂ ತುಟಿಗೂ ನಡುವಿನ ಜಾಗದ ಮೇಲೆ ಇರುತ್ತಿತ್ತು. ನನ್ನ ಕೈಯ ಅಡುಗೆ ಬೇಕು, ನನ್ನ ಪಾತ್ರೆ ಬೇಡ. ಇದು ಯಾವ ಸೀಮೆಯ ಮಡಿ?

ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂಡಿಸಿದವರೂ ಅವರೇ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಕಟ್ಟೆಯ ಮೇಲೆ ಕೂಡಿಸಿಕೊಂಡು ವ್ಯಾಕರಣ ಹೇಳಿಕೊಡುತ್ತಿದ್ದರು. ಆಗಲೂ ಅವರು ಕಟ್ಟೆಯ ಆ ತುದಿ, ನಾನು ಈ ತುದಿ. ಕೆಮ್ಮು ಬಂದರೆ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗುವರು. ಚಳಿಗಾಲದಲ್ಲೂ ಅವರ ಕ್ಲಾಸಿನ ಕಿಟಕಿಗಳೆಲ್ಲ ತೆರೆದೇ ಇರಬೇಕು. ಮಕ್ಕಳು ಮುದುಡಿಕೊಂಡು ಕೂರುತ್ತಿದ್ದವು. ಮೂರನೆಯ ಸಲಕ್ಕೆ ನಾನು ಪಾಸಾದಾಗ ಬಸ್ಸಿನಿಂದ ಇಳಿದು ಓಡಿ ಬಂದರು. ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಎರಡು ಮಾರು ದೂರ ನಿಂತು ಚಪ್ಪಾಳೆ ಹೊಡೆದರು.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವರನ್ನು ಕರೆದಿದ್ದೆ. ಬಂದರು. ಬಾಗಿಲ ತನಕ ಬಂದು, ಕುಲಾವಿ ಅಂಗಿ ನನ್ನ ಅತ್ತೆಯ ಕೈಗೆ ಕೊಟ್ಟು, "ಚಂದ ಅದ ಕೂಸು" ಅಂದು ಹೊರಟುಬಿಟ್ಟರು. ಕೂಸನ್ನು ಮುಟ್ಟಲಿಲ್ಲ. "ನಮ್ಮ ಕೂಸನ್ನ ಅವರ್ಯಾಕ ಮುಟ್ಟತಾರ" ಅಂದಳು ಅತ್ತೆ. ಆ ಮಾತು ನನ್ನಲ್ಲಿ ಕೂತುಬಿಟ್ಟಿತು.

ಅವರ ನಿವೃತ್ತಿಗೆ ಇನ್ನು ಸ್ವಲ್ಪ ದಿನ ಇರುವಾಗ, ದಸರಾ ರಜೆಗೆ ಶಾಲೆಯ ಹೆಂಗಸರೆಲ್ಲ ಸೇರಿ ಎಲ್ಲಿಗಾದರೂ ಹೋಗಿಬರೋಣ ಅನ್ನುವ ಮಾತು ಬಂತು. ಎಂಟು ಜನ. ಅಕ್ಕೋರೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದರು: ಪುಣೆ, ನಾಸಿಕ, ಕೊಂಕಣದ ಸಮುದ್ರ. ಐದು ದಿನ.

ಬೈಲಹೊಂಗಲದ ದಾವಲಸಾಬನ ಕ್ರೂಸರ್ ಗೊತ್ತು ಮಾಡಿದೆವು. ಬೆಳಿಗ್ಗೆ ಗಾಡಿ ಹತ್ತುವಾಗಲೇ ಅಕ್ಕೋರು ಕಿಟಕಿಯ ಸೀಟು ಹಿಡಿದರು. ಗಾಜು ಪೂರ್ತಿ ಕೆಳಗಿಳಿಸಿದರು. ನನಗಿಂತ ಹಿರಿಯಳಾದ ಮುಖ್ಯ ಅಡುಗೆಯವಳು ಗಂಗವ್ವ ಅವರ ಹಿಂದೆ ಕೂತಿದ್ದಳು.

"ಮುಚ್ಚರಿ ಅಕ್ಕೋರ, ನನ್ನ ಕಿವಿ ಬೆಳಗಾವಿ ಮುಟ್ಟೂದರಾಗ ಹಾರಿಹೋಕ್ಕಾವು!"

"ಗಾಳಿ ಆಡಬೇಕ ಗಂಗವ್ವಾ. ಒಬ್ಬರ ಉಸಿರು ಒಬ್ಬರು ಕುಡಿಯೂದು ಚಲೋ ಅಲ್ಲ."

ಗಂಗವ್ವ ತಲೆಗೆ ಟವೆಲು ಸುತ್ತಿಕೊಂಡು ಮಲಗಿದಳು. ಯಾರ ಉಸಿರು ಯಾರಿಗೆ ಬೇಡವಾಗಿತ್ತು ಅಂತ ನಾನು ಕೊಲ್ಲಾಪುರದ ತನಕ ಯೋಚಿಸಿದೆ. ಅಲ್ಲಿ ಬುತ್ತಿ ಬಿಚ್ಚಿದಾಗ ಅಕ್ಕೋರು ಬೇರೆ ಯಾರ ಡಬ್ಬಿಗೂ ಹೋಗಲಿಲ್ಲ. ಸೀದಾ ನನ್ನ ಡಬ್ಬಿಗೆ ಕೈ ಹಾಕಿ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡರು. "ಇಕಿ ಚಟ್ನಿ ತಿಂದವರಿಗೆ ಬ್ಯಾರೆದು ರುಚಿ ಹತ್ತೂದಿಲ್ಲ" ಅಂದರು. ಆಮೇಲೆ ತಮ್ಮ ಚೀಲದಿಂದ ತಮ್ಮ ಸ್ಟೀಲ್ ಬಾಟಲಿ ತೆಗೆದು, ನಮ್ಮ ಕಡೆ ಬೆನ್ನು ಮಾಡಿ ನೀರು ಕುಡಿದರು. ಅದಕ್ಕೆ ಕೆಂಪು ದಾರ ಕಟ್ಟಿತ್ತು. ಅದೊಂದನ್ನು ಮಾತ್ರ ಅವರು ಕಚ್ಚಿ ಕುಡಿಯುತ್ತಿದ್ದರು.

ಪುಣೆಯಲ್ಲಿ ಎರಡು ದಿನ. ಹಳೆಯ ಕಾಲದ ಮನೆಸಾಮಾನು ಇಟ್ಟ ಒಂದು ಮ್ಯೂಸಿಯಂ ನೋಡಿದೆವು. ಅಡಕೊತ್ತು, ದೀಪ, ಬೀಗ, ತಾಮ್ರ ಹಿತ್ತಾಳೆಯ ಪಾತ್ರೆ. ರಾಮದುರ್ಗದ ಸುಮಂಗಲಾ ಟೀಚರು ಎಲ್ಲದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ನೇಕಾರರ ಮನೆಯ ಹುಡುಗಿ, ಹಳೆಯ ಸೀರೆಗಳ ಮುಂದಿನಿಂದ ಅವಳನ್ನು ಎಳೆದು ತರಬೇಕಾಯಿತು. ಅಕ್ಕೋರು ಮಾತ್ರ ಒಂದು ಗಿಂಡಿಯ ಮುಂದೆ ಬಹಳ ಹೊತ್ತು ನಿಂತರು. ಉದ್ದ ಸೊಂಡಿಲಿನ ಗಿಂಡಿ.

"ಇದು ಎಷ್ಟು ಚಲೋ ಅದ ನೋಡು," ಅಂದರು ನನಗೆ. "ಯಾರ ಬಾಯಿಗೂ ಹತ್ತೂದಿಲ್ಲ. ಎಷ್ಟು ಮಂದಿ ಇದ್ರೂ ಒಂದ ಸಾಕು."

ನನಗೇ ಯಾಕೆ ಹೇಳಿದರು? ಪಕ್ಕದಲ್ಲಿ ಸುಮಂಗಲಾ ಇದ್ದಳು, ಗಂಗವ್ವ ಇದ್ದಳು. ನಾನು "ಹೂಂನ್ರಿ" ಅಂದು ಮುಂದೆ ಹೋದೆ.

ಮರುದಿನ ಮಧ್ಯಾಹ್ನ ಒಂದು ಮರಾಠಿ ಸಂಗೀತ ನಾಟಕ. ಅಕ್ಕೋರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ನಮಗೆ ಅರ್ಧ. ಹಾಡು ಬಂದಾಗ ಅವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನನ್ನ ಗಮನ ರಂಗದ ಮೇಲೆ ಇರಲಿಲ್ಲ. ನನ್ನ ಬಾಟಲಿಯೂ ಅವರದೂ ಸವದತ್ತಿಯ ಒಂದೇ ಅಂಗಡಿಯವು. ವಿರಾಮಕ್ಕೆ ದೀಪ ಹತ್ತುವ ಮುಂಚೆ ನಾನು ಅವರ ಬಾಟಲಿ ನನ್ನ ಕಾಲ ಬಳಿ ಎಳೆದುಕೊಂಡು, ನನ್ನದನ್ನು ಅಲ್ಲಿಟ್ಟೆ. ಬೇಕೆಂದೇ ಮಾಡಿದೆ. ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಅವರು ಬಾಟಲಿ ಎತ್ತಿದರು. ಬೆರಳಿಗೆ ದಾರ ತಾಗಲಿಲ್ಲ. ಕೂಡಲೇ ತಿರುಗಿದರು.

"ಇದು ನಿಂದು. ನಂದು ಎಲ್ಲಿ?"

"ಇರಲಿ ಕುಡೀರಿ ಅಕ್ಕೋರ. ಯಾವುದಾದರೇನು, ನೀರ ಐತಲ್ಲ."

"ನೀ ನಂದು ಕುಡದಿಯೇನು?" ಧ್ವನಿ ಏರಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು. "ಕುಡದಿಯೇನು, ಹೇಳು!"

"ಇಲ್ಲರಿ."

ತಮ್ಮ ಬಾಟಲಿ ಕಸಿದುಕೊಂಡರು. ಆಮೇಲೆ ನನ್ನ ಬಾಟಲಿ ಎತ್ತಿ, ಮೇಲಿನಿಂದ ಎರಡು ಗುಟುಕು ಕುಡಿದು, ಮುಚ್ಚಳ ಹಾಕಿ ಕೊಟ್ಟರು. ನನ್ನ ನೀರು ಕುಡಿದರಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಕೋ, ಅವರದನ್ನು ನಾನು ಮುಟ್ಟಿದ್ದಕ್ಕೆ ಅಷ್ಟು ಗಾಬರಿಯಾದರಲ್ಲ ಅಂತ ನೋಯಬೇಕೋ ತಿಳಿಯಲಿಲ್ಲ. ನೋಯುವುದು ನನಗೆ ರೂಢಿ. ಅದನ್ನೇ ಆರಿಸಿಕೊಂಡೆ.

ನಾಸಿಕ ಅಂದರೆ ಗೋದಾವರಿಯ ಸ್ನಾನ ಅಂತ ಗಂಗವ್ವ ತಿಳಿದಿದ್ದಳು. ಒಂದು ಜೊತೆ ಮಡಿ ಸೀರೆ ಬೇರೆ ಕಟ್ಟಿಕೊಂಡು ಬಂದಿದ್ದಳು. ಸ್ನಾನ, ದರ್ಶನ ಮುಗಿಯಿತು. ಆಮೇಲೆ ಅಕ್ಕೋರು ದಾವಲಸಾಬನಿಗೆ ಊರ ಹೊರಗಿನ ದಾರಿ ತೋರಿಸಿದರು. ಗುಡ್ಡದ ಕೆಳಗೆ ಸಾಲು ಸಾಲು ದ್ರಾಕ್ಷಿಯ ಬಳ್ಳಿ. ಒಂದು ಗೊನೆಯೂ ಇರಲಿಲ್ಲ. ಆಗಷ್ಟೇ ಬಳ್ಳಿ ಕತ್ತರಿಸಿದ್ದರು.

"ಏನ್ರಿ ಇದು, ಹಣ್ಣಿಲ್ಲದ ತ್ವಾಟ ನೋಡಾಕ ಇಷ್ಟ ದೂರ ಬಂದಿವೇನ್ರಿ?" ಅಂದಳು ಗಂಗವ್ವ.

"ಹಣ್ಣು ಒಳಗ ಅದ," ಅಂದರು ಅಕ್ಕೋರು.

ಒಳಗೆ ಹೋದ ಮೇಲೆ ತಿಳಿಯಿತು, ಅದು ವೈನು ಮಾಡುವ ಜಾಗ. ಗಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸುಮಂಗಲಾ ನನ್ನ ಕಿವಿಯಲ್ಲಿ, "ನಮ್ಮನಿಯಾಗ ಗೊತ್ತಾದ್ರ ಸಾಲಿ ಬಿಡಸ್ತಾರ್ರಿ" ಅಂದಳು. ನಾನು ಅಕ್ಕೋರನ್ನೇ ನೋಡುತ್ತಿದ್ದೆ. ಪುರೋಹಿತರ ಮಗಳು ಇಲ್ಲಿಗೆ ಯಾಕೆ ಬಂದರು? ಮೊದಲೇ ರೂಢಿ ಇತ್ತೇ?

ಉದ್ದ ಮೇಜಿನ ಆಚೆ ನಿಂತ ಹುಡುಗಿ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟಳು.

"ಇದೇನ ಒಂಟಿಗಾಲ ಮ್ಯಾಲ ನಿಂತೈತಿ," ಅಂದಳು ಗಂಗವ್ವ. "ಕುಡದವರು ಬೀಳೂಕಿಂತ ಮೊದಲ ಇದ ಬೀಳತೈತಿ."

ಹುಡುಗಿ ಹಿಂದಿಯಲ್ಲಿ ಹೇಳಿಕೊಟ್ಟಳು. ಮೊದಲು ಲೋಟ ತಿರುಗಿಸಬೇಕು, ಮೂಗು ಹತ್ತಿರ ತರಬೇಕು, ಆಮೇಲೆ ಅಂಚಿಗೆ ತುಟಿ ಇಟ್ಟು ಸ್ವಲ್ಪವೇ ಹೀರಬೇಕು. ಲೋಟದ ತಳದಲ್ಲಿ ಎರಡು ಬೆರಳು ಕೆಂಪು. ನಾವು ಏಳು ಜನ ಕೈಕಟ್ಟಿ ನಿಂತೆವು. ಅಕ್ಕೋರು ಲೋಟ ತೆಗೆದುಕೊಂಡರು. ತಿರುಗಿಸಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಆಮೇಲೆ ತಲೆ ಹಿಂದಕ್ಕೆ ವಾಲಿಸಿ, ಆ ಒಂಟಿಗಾಲಿನ ಗಾಜನ್ನು ನಾಲ್ಕು ಬೆರಳು ಮೇಲೆ ಎತ್ತಿ, ಕೆಂಪು ಧಾರೆ ಗಂಟಲಿಗೆ ಬಿಟ್ಟರು. ಒಂದೇ ಸಲಕ್ಕೆ.

ಹುಡುಗಿ ಬಾಯಿ ತೆರೆದು ನಿಂತಳು.

"ಒಂದ ಹನಿ ಚೆಲ್ಲಲಿಲ್ಲ ನೋಡ," ಅಂದಳು ಗಂಗವ್ವ ನನಗಷ್ಟೇ ಕೇಳುವಂತೆ.

ಹುಡುಗಿ ಸುಧಾರಿಸಿಕೊಂಡು, ಹೇಗಿದೆ ಅಂತ ಕೇಳಿದಳು. ಅಕ್ಕೋರು ಮರಾಠಿಯಲ್ಲಿ, "ಔಷಧದ ಹಾಗಿದೆ" ಅಂದರು. ಅವಳ ಮುಖ ಸಣ್ಣದಾಯಿತು. ಅಕ್ಕೋರು ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ದ್ರಾಕ್ಷಾರಿಷ್ಟ ಇದು. ನಮ್ಮಪ್ಪ ಮಾಡ್ತಿದ್ರು. ಒಂದೂವರಿ ವರ್ಷ ಇದನ್ನ ಕುಡಿಸಿ ಇಟ್ಟಿದ್ರು ನನ್ನ. ಈ ವಾಸನಿ ಎಲ್ಲಿಂದ ಹುಟ್ತದ ಅಂತ ಒಮ್ಮೆ ನೋಡಬೇಕಾಗಿತ್ತು."

"ಒಂದೂವರಿ ವರ್ಷ! ಯಾಕ್ರಿ ಅಕ್ಕೋರ?"

"ಶಕ್ತಿ ಬರಲಿ ಅಂತ," ಅಂದು ಹೊರಗೆ ನಡೆದರು.

ಉಳಿದವರಿಗೆ ಅದು ನಗುವ ಸಂಗತಿಯಾಯಿತು. ಗಾಡಿಯಲ್ಲಿ ದಾವಲಸಾಬನಿಗೂ ಅಭಿನಯ ಮಾಡಿ ತೋರಿಸಿದರು. ಅಕ್ಕೋರೂ ನಕ್ಕರು. ನನಗೆ ನಗು ಬರಲಿಲ್ಲ. ಸೆರೆ ಕುಡಿಯಲು ಹೆದರದವರು ಗಾಜಿನ ಅಂಚಿಗೆ ಹೆದರಿದರು. ನನ್ನ ಮನಸ್ಸಿನಲ್ಲಿ ತೀರ್ಪು ಹೆಚ್ಚುಕಡಿಮೆ ಆಗಿಹೋಗಿತ್ತು. ಇವರಿಗೆ ಹೊಟ್ಟೆಗೆ ಏನು ಹೋದರೂ ನಡೆಯುತ್ತದೆ, ಇನ್ನೊಬ್ಬರ ಎಂಜಲು ಮಾತ್ರ ಆಗದು.

ಮರುದಿನ ಸಮುದ್ರ. ನಾನು ಸಮುದ್ರ ನೋಡಿದ್ದು ಅದೇ ಮೊದಲು. ನಾಲ್ಕು ಗಂಟೆಯ ಬಿಸಿಲು. ಸೀರೆ ಎತ್ತಿಕಟ್ಟಿ ನೀರಿಗೆ ಇಳಿದೆ. ಒಂದು ತೆರೆ ಬಂದು ಬಾಯಿ ಮೂಗಿಗೆಲ್ಲ ಹೊಡೆಯಿತು. ಕೆಮ್ಮುತ್ತ ದಂಡೆಗೆ ಬಂದೆ. ಚೀಲಗಳ ಹತ್ತಿರ ಅಕ್ಕೋರು ಒಬ್ಬರೇ ಕೂತಿದ್ದರು. ಅವರ ಪಕ್ಕದಲ್ಲಿ ಕೆಂಪು ದಾರದ ಬಾಟಲಿ ಇತ್ತು. ನನ್ನದು ಎರಡು ಹೆಜ್ಜೆ ಆಚೆ ಇತ್ತು. ಅದು ಕಂಡಿತ್ತು ನನಗೆ. ಆದರೂ ಕೆಂಪು ದಾರದ್ದನ್ನೇ ಎತ್ತಿ, ಮುಚ್ಚಳ ತೆಗೆದು, ಅವರ ಕಣ್ಣೆದುರಿಗೇ ಕಚ್ಚಿ ಕುಡಿದೆ.

"ಏ! ಬಾಯಿ ಹಚ್ಚಬ್ಯಾಡ!"

ಎದ್ದು ನನ್ನ ಕೈಗೆ ಹೊಡೆದು ಬಾಟಲಿ ಕಿತ್ತುಕೊಂಡರು. ನೀರು ಮರಳಿನ ಮೇಲೆ ಚೆಲ್ಲಿತು.

"ಉಗುಳು! ಮದಲ ಉಗುಳು ಅದನ್ನ! ಬಾಯಿ ಮುಕ್ಕಳಸು!"

ನನ್ನ ಬಾಯಲ್ಲಿದ್ದ ಅವರ ಒಂದು ಗುಟುಕು ನೀರನ್ನೂ ಅವರು ನನಗೆ ಬಿಡಲಿಲ್ಲ. ನಾನು ಹಾಗೇ ತಿಳಿದೆ. ಉಗುಳಲಿಲ್ಲ. ಅವರ ಮುಖ ನೋಡುತ್ತ ನುಂಗಿದೆ.

"ನುಂಗಿದೆರಿ," ಅಂದೆ. "ಏನ ಮಾಡತೀರಿ ಈಗ?"

ಗಂಗವ್ವ ಓಡಿ ಬಂದಳು. "ಹೋಗಲಿ ಬಿಡ ತಂಗಿ, ವಯಸ್ಸಾದವರು" ಅಂತ ನನ್ನ ತೋಳು ಹಿಡಿದಳು. ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಎಲ್ಲರೂ ಸುತ್ತ ನಿಂತಿದ್ದರು. ಬಾಟಲಿಯಲ್ಲಿ ಉಳಿದ ನೀರನ್ನು ಮರಳಿಗೆ ಸುರಿದು ಚೀಲದಲ್ಲಿ ಹಾಕಿಕೊಂಡರು. ಮತ್ತೆ ಅದನ್ನು ಹೊರಗೆ ತೆಗೆಯಲಿಲ್ಲ.

ಮರಳುವ ದಾರಿಯಲ್ಲಿ ಬೆಳಗಾವಿ ದಾಟಿದ ಮೇಲೆ ದಾವಲಸಾಬ ನೇರ ಬೈಲಹೊಂಗಲದ ದಾರಿ ಹಿಡಿಯದೆ, ತಂಗಿಯ ಮನೆಗೆ ಒಂದು ಗಂಟು ಕೊಡುವುದಿದೆ ಅಂತ ಕಿತ್ತೂರಿಗೆ ಬಂದ. ಅಲ್ಲಿ ಚಹಾ ಕುಡಿದೆವು. ಅಕ್ಕೋರು ಚಹಾ ಆರಿಸಿ, ಆರಿಸಿ, ಎತ್ತಿ ಕುಡಿದರು. ಅವರು ನೋಡಲಿ ಅಂತಲೇ ನಾನು ನನ್ನ ಕಪ್ಪನ್ನು ಗಟ್ಟಿಯಾಗಿ ಕಚ್ಚಿ ಕುಡಿದೆ. ಅವರು ನೋಡಿದರು. ಸವದತ್ತಿಯಲ್ಲಿ ಇಳಿಯುವಾಗ, "ಬರ್ತೀನವ್ವಾ" ಅಂದರು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ.

ಶಾಲೆ ಶುರುವಾಯಿತು. ರುಚಿ ನೋಡಲು ಬರುತ್ತಿದ್ದರು, ನಾನು ಹಾಕುತ್ತಿದ್ದೆ. ಉಪ್ಪಿನ ಮಾತಿಲ್ಲ, ಜೋಕು ಇಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಗಂಗವ್ವ ಕಾಯಿಪಲ್ಲೆಗೆ ಹೋಗಿದ್ದಾಗ ಬಂದರು.

"ಬಾಗಿಲಾ ಮುಂದ ಮಾಡು," ಅಂದರು.

ನಾನು ಬಾಗಿಲು ಮುಚ್ಚಿದ ಮೇಲೆ ಅಕ್ಕಿಯ ಚೀಲದ ಮೇಲೆ ಕೂತರು.

"ಹತ್ತೊಂಬತ್ತು ವರ್ಷದಾಕಿ ಇದ್ದೆ. ಕೆಮ್ಮಿದ್ರ ರಕ್ತ ಬೀಳ್ತಿತ್ತು. ಕ್ಷಯ."

ನಾನು ಸೌಟು ಕೆಳಗಿಟ್ಟೆ.

"ಹಿಂದಿನ ಖೋಲ್ಯಾಗ ಇಟ್ಟಿದ್ರು. ಒಂದೂವರಿ ವರ್ಷ. ದವಾಖಾನಿ ಗುಳಿಗಿ ಒಂದು, ಅಪ್ಪನ ದ್ರಾಕ್ಷಾರಿಷ್ಟ ಒಂದು. ನನ್ನ ತಾಟು ಬ್ಯಾರೆ, ಲೋಟ ಬ್ಯಾರೆ. ನಮ್ಮವ್ವ ಹೊಸ್ತಿಲ ಮ್ಯಾಲಿಟ್ಟು ಹೋಗ್ತಿದ್ಲು. ಊರಿಗೆಲ್ಲಾ, ಸೋದರಮಾವನ ಮನಿಗೆ ಹೋಗ್ಯಾಳ ಅಂತ ಹೇಳಿದ್ರು. ಮದುವಿ ಗೊತ್ತಾಗಿತ್ತು. ಅವರಿಗೆ ಹ್ಯಾಂಗೋ ತಿಳೀತು. ಬಿಟ್ರು."

"ಆಮ್ಯಾಲ ಆರಾಮ ಆತಲ್ರಿ?"

"ಆತು. ಡಾಕ್ಟರು ಬರದೂ ಕೊಟ್ರು, ಇನ್ನ ಯಾರಿಗೂ ಹತ್ತೂದಿಲ್ಲ ಅಂತ. ಅವರು ನಂಬಿದ್ರು. ನಾ ನಂಬಲಿಲ್ಲ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ನಿನ್ನ ಕೂಸು ನೋಡ್ಲಿಕ್ಕೆ ಬಂದಾಗ ಎತ್ತಿಕೋಬೇಕು ಅಂತನ ಬಂದಿದ್ದೆ. ಬಾಗಿಲದಾಗ ಬಂದು ನಿಂತ ಮ್ಯಾಲೆ ಧೈರ್ಯ ಆಗಲಿಲ್ಲ."

ಕಿಟಕಿ, ಗೋಡೆಯ ಕಡೆ ತಿರುಗುವುದು, ಕಟ್ಟೆಯ ಆ ತುದಿ, ಗಿಂಡಿ, ಉಗುಳು ಅಂದದ್ದು. ಒಂದೊಂದೇ ಬಂದು ನನ್ನೆದುರು ನಿಂತವು. ಆದರೂ ನನ್ನ ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಸಮುದ್ರದ ದಂಡೆಯಲ್ಲಿ ಆದದ್ದನ್ನು ತೊಳೆದುಕೊಳ್ಳಲು ಕಥೆ ಕಟ್ಟಿದರೋ ಅನಿಸಿತು.

"ಹಂಗಾರ ಊರೆಲ್ಲಾ ನಿಮಗ ಮಡಿ ಅಕ್ಕೋರು ಅಂದಾಗ ಸುಮ್ಮ ಯಾಕ ಇದ್ರಿ?"

"ಮಡಿ ಅಂದ್ರ ಮುಂದ ಯಾರೂ ಏನೂ ಕೇಳೂದಿಲ್ಲ. ಕ್ಷಯ ಅಂದ್ರ ಕೇಳ್ತಾರ."

ಆಗ ನನಗೆ ಸಿಟ್ಟು ಬಂತು. ಹದಿನಾರು ವರ್ಷದ ಸಿಟ್ಟು.

"ನಿಮಗ ಹೊಚ್ಚಿಕೊಳ್ಳಾಕ ಮಡಿ ಇತ್ತರಿ ಅಕ್ಕೋರ. ನೀವು ಅದರಾಗ ಬೆಚ್ಚಗಿದ್ರಿ. ಹೊರಗ ನಿಂತಾಕಿ ನಾನು. ದಿನಾ ನಿಮ್ಮ ಗಂಟಲ ನೋಡಕೋತ ನಿಂತೇನಿ. ನನಗೇನ ಅನಸ್ತಿತ್ತು ಅಂತ ಒಂದ ದಿನಾ ಹೊಳೀಲಿಲ್ಲೇನ್ರಿ ನಿಮಗ?"

ಅವರು ತಲೆ ಎತ್ತಿದರು. ನನ್ನನ್ನು ಆಗಷ್ಟೇ ನೋಡಿದ ಹಾಗೆ ನೋಡಿದರು.

"ಇಲ್ಲ," ಅಂದರು. "ಹೊಳೀಲೇ ಇಲ್ಲ. ಹೊಳೀಬೇಕಾಗಿತ್ತು."

ಆ 'ಇಲ್ಲ' ಕೇಳಿದ ಮೇಲೆ ನಾನು ಅವರನ್ನು ನಂಬಿದೆ. ಸುಳ್ಳು ಹೇಳುವವರು ಹೊಳೆದಿತ್ತು ಅನ್ನುತ್ತಿದ್ದರು.

ಎದ್ದು ನಿಂತರು. "ಒಂದು ಲೋಟ ನೀರು ಕೊಡು. ಸಾಲಿ ಲೋಟದಾಗ."

ಮಕ್ಕಳಿಗೆ ಹಾಲು ಕೊಡುವ ಸ್ಟೀಲ್ ಲೋಟ ಬುಟ್ಟಿಯಿಂದ ತೆಗೆದು ನೀರು ತುಂಬಿ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತುಟಿಯ ಹತ್ತಿರ ತಂದರು, ನಿಲ್ಲಿಸಿದರು. ಆಮೇಲೆ ಕಚ್ಚಿ ಕುಡಿದರು. ಗಲ್ಲದ ಮೇಲಿಂದ ನೀರು ಇಳಿದು ಸೆರಗು ತೊಯ್ದಿತು. ಎಂದೂ ಒಂದು ಹನಿ ಚೆಲ್ಲದವರು ಅರ್ಧ ಲೋಟ ಚೆಲ್ಲಿಕೊಂಡರು. ಖಾಲಿ ಲೋಟ ನನ್ನ ಕೈಗೆ ಕೊಟ್ಟು, ಮುಖ ಒರೆಸಿಕೊಂಡು, ನಗುತ್ತ ಕ್ಲಾಸಿಗೆ ಹೋದರು.

ಮುಂದಿನದನ್ನು ಬರೆಯಬೇಕೆಂದೇ ಇಷ್ಟನ್ನೆಲ್ಲ ಬರೆದೆ.

ಆ ಲೋಟವನ್ನು ಸೋಪು ಹಚ್ಚಿ ತೊಳೆದೆ. ಮತ್ತೊಮ್ಮೆ ತೊಳೆದೆ. ಕುದಿಯುವ ನೀರು ಹಾಕಿದೆ. ಬುಟ್ಟಿಯ ತನಕ ಕೈ ಹೋಯಿತು. ಬುಟ್ಟಿಯಲ್ಲಿ ಮಕ್ಕಳ ಲೋಟ, ನನ್ನ ಮಗಳೂ ಅದೇ ಶಾಲೆಯವಳು. ಡಾಕ್ಟರು ಬರೆದು ಕೊಟ್ಟದ್ದು ನನಗೆ ಹೇಳಿದ್ದರು. ಅದಾಗಿ ನಲವತ್ತು ವರ್ಷವಾಗಿತ್ತು. ಎಲ್ಲ ತಿಳಿದೂ ಕೈ ಹಿಂದಕ್ಕೆ ಬಂತು. ಕಿಟಕಿಯ ಪಕ್ಕದ ಗೂಡಿನಲ್ಲಿ ಆ ಲೋಟವನ್ನು ಬೋರಲು ಹಾಕಿದೆ.

ಮರುದಿನ ರುಚಿ ನೋಡಲು ಬಂದರು. ಬಾಗಿಲಲ್ಲೇ ಅವರ ಕಣ್ಣು ಗೂಡಿಗೆ ಹೋಯಿತು. ಅಂಥದ್ದನ್ನು ನೋಡುವ ಕಣ್ಣು ನನಗೊಬ್ಬಳಿಗೇ ಇದೆ ಅಂದುಕೊಂಡಿದ್ದೆ.

"ಅದು ನನ್ನ ಲೋಟೇನು?"

ನಾನು ಸಾರು ತಿರುವಿದೆ.

"ಚಲೋ ಮಾಡಿದಿ," ಅಂದರು. ಅದರಲ್ಲಿ ಕೊಂಕು ಇದೆಯೋ ಅಂತ ಹುಡುಕಿದೆ. ಇರಲಿಲ್ಲ. "ಹುಡುಗರು ಕುಡಿಯೂವು. ಇನ್ನ ಮ್ಯಾಲೆ ನನಗ ಅದರಾಗ ಕೊಡು."

ಕೊಟ್ಟೆ. ತಲೆ ಹಿಂದಕ್ಕೆ ವಾಲಿಸಿ ಎತ್ತಿ ಕುಡಿದರು. ನಾನು ಅವರಿಗೆಂದೇ ಬೇರೆ ಇಟ್ಟ ಲೋಟವನ್ನೂ ಅವರು ಕಚ್ಚಲಿಲ್ಲ. ನಿವೃತ್ತಿಯ ದಿನದ ತನಕ ಹಾಗೇ ನಡೆಯಿತು. ಉಪ್ಪಿನ ಮಾತು ಮರಳಿ ಬಂತು, ಹತ್ತು ನಿಮಿಷ ತಡಿ ಅನ್ನುವ ಜೋಕೂ ಬಂತು. ನಾಳೆ ಲೋಟ ಬುಟ್ಟಿಗೆ ಹಾಕುತ್ತೇನೆ ಅಂತ ದಿನಾ ಅಂದುಕೊಂಡೆ. ಹಾಕಲಿಲ್ಲ. ಬೀಳ್ಕೊಡುವ ದಿನ ನನ್ನ ಮಗಳ ತಲೆಯ ಮೇಲೆ ಕೈ ಇಟ್ಟರು. ಎಷ್ಟು ಹೊತ್ತು ಇಟ್ಟರೆಂದರೆ ಅವಳೇ ಬೇಸತ್ತು ಓಡಿಹೋದಳು.

ಮೂರು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಕುಸಿದರಂತೆ. ಎದೆಬಡಿತ ನಿಂತಿತ್ತು. ಸುಮಂಗಲಾ ಫೋನು ಮಾಡಿದಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಸವದತ್ತಿಯ ಆ ಮನೆಗೆ ಹೋದೆ. ಮೊದಲ ಸಲ. ತಮ್ಮನ ಹೆಂಡತಿ ಒಳಗೇ ಕೂಡಿಸಿದರು. ಚಹಾ ಕೊಟ್ಟರು. ಹಿತ್ತಲ ಕಡೆ ಮುಚ್ಚಿದ ಒಂದು ಬಾಗಿಲು ಕಾಣುತ್ತಿತ್ತು. ನನಗೆ ಇನ್ನೂ ಅನುಮಾನದ ಚಟ ಹೋಗಿರಲಿಲ್ಲ. ಮೆಲ್ಲಗೆ ಕೇಳಿದೆ, "ಅಕ್ಕೋರು ಸಣ್ಣವರಿದ್ದಾಗ ಸ್ವಲ್ಪ ದಿನ ಸೋದರಮಾವನ ಮನಿಯಾಗ ಇದ್ರಂತಲ್ರಿ?"

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆ ಬಾಗಿಲಿಗೆ ಬೆನ್ನು ಮಾಡಿ ಕೂತರು.

"ಹೌದವ್ವಾ," ಅಂದರು. "ಒಂದೂವರಿ ವರ್ಷ."

ಇನ್ನು ಕೇಳುವುದೇನೂ ಉಳಿಯಲಿಲ್ಲ. ಕಪ್ಪು ಎತ್ತಿದೆ. ಗೊತ್ತಿಲ್ಲದೆ ತಲೆ ಹಿಂದಕ್ಕೆ ವಾಲಿಸಿದ್ದೆ. ಕಪ್ಪು ಬಾಯಿಯಿಂದ ನಾಲ್ಕು ಬೆರಳು ಮೇಲಿತ್ತು.

"ಬಿಸಿ ಅದ, ಮೈಮ್ಯಾಲ ಬಿದ್ದೀತು," ಅಂದರು ಅವರು. "ಕಚ್ಚಿ ಕುಡಿಯವ್ವಾ."

ಮರುದಿನ ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ಗೂಡಿನಲ್ಲಿದ್ದ ಲೋಟ ತೆಗೆದು ಬುಟ್ಟಿಯ ನಡುವೆ ಹಾಕಿದೆ. ಬುಟ್ಟಿಯನ್ನು ಎರಡು ಸಲ ಅಲುಗಿಸಿದೆ. ಮಕ್ಕಳು ಸಾಲಾಗಿ ಬಂದು ಒಂದೊಂದು ತೆಗೆದುಕೊಂಡು ಹೋದವು, ಕಚ್ಚಿ ಕುಡಿದವು, ಮೀಸೆ ಮಾಡಿಕೊಂಡವು. ಆಮೇಲೆ ಎಲ್ಲವನ್ನೂ ತೊಳೆದು ಹರವಿ ಅದು ಯಾವುದು ಅಂತ ನೋಡಿದೆ. ತಿಳಿಯಲಿಲ್ಲ. ಒಂದನ್ನು ಎತ್ತಿಕೊಂಡು ನೀರು ತುಂಬಿ, ಕಾಲುವೆಯ ಕಡೆ ನೋಡುತ್ತ ಕಚ್ಚಿ ಕುಡಿದೆ. ಅದು ಅವರದಿರಬಹುದು, ಇರಲಿಕ್ಕಿಲ್ಲ.